ಎಷ್ಟು ಮಲಗಿದರೂ ಸಾಲದ ನಿದ್ದೆ: ಶಿಡ್ಲಘಟ್ಟದ ತಂಗಿಗೆ ಓದುಗರ ಮಾತು

ಕಳೆದ ವಾರದ ಪತ್ರ: ನನಗೆ 26 ವರ್ಷ. ಶಿಡ್ಲಘಟ್ಟದ ಹತ್ತಿರ ಹಳ್ಳಿ, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಎರಡು ವರ್ಷದ ಮಗು ಇದೆ. ಹುಳು ಇಲ್ಲದ ದಿನಗಳಲ್ಲೂ ರಾತ್ರಿ ಒಂಬತ್ತಕ್ಕೆ ಮಲಗಿದರೆ ಬೆಳಗ್ಗೆ ಏಳಕ್ಕೂ ಏಳಲು ಆಗುವುದಿಲ್ಲ. ಮಧ್ಯಾಹ್ನ ಮತ್ತೆ ಎರಡು ಗಂಟೆ ಮಲಗುತ್ತೇನೆ. ಆದರೂ ಮೈ ಭಾರ. ಅತ್ತೆ ಸೋಮಾರಿ ಅನ್ನುತ್ತಾರೆ. ಈಗೀಗ ನನಗೂ ಹಾಗೇ ಅನಿಸುತ್ತಿದೆ. ಏನು ಮಾಡಲಿ?

ತಂಗೀ, ನಿಮ್ಮ ಪತ್ರದ ಕೊನೆ ಓದಿ ಅಳು ಬಂತು. ನಾನೂ ಹಾಗೇ ಅಂದುಕೊಂಡಿದ್ದೆ. ಗಾರ್ಮೆಂಟ್ಸಲ್ಲಿ ಮಿಷಿನ್ ಮುಂದೆ ತೂಕಡಿಸಿ ಬೆರಳಿಗೆ ಸೂಜಿ ಹೊಕ್ಕ ದಿನವೂ ಬೈದುಕೊಂಡಿದ್ದು ನನ್ನನ್ನೇ. ಭಾನುವಾರ ಹನ್ನೆರಡು ಗಂಟೆ ಮಲಗುತ್ತಿದ್ದೆ. ಎದ್ದು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಆ ಗಾಯಕ್ಕೆ ಇಂಜೆಕ್ಷನ್ ಹಾಕಿಸಲು ಹೋದಾಗ ಅಲ್ಲಿದ್ದ ನರ್ಸಮ್ಮ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಮೊದಲು ರಕ್ತ ಚೆಕ್ ಮಾಡಿಸು ಅಂದರು. ಹಿಮೋಗ್ಲೋಬಿನ್ 7.8 ಇತ್ತು. ಹೆಂಗಸರಿಗೆ 12 ಆದರೂ ಇರಬೇಕಂತೆ. ದಿನಾ ಮುದ್ದೆ, ಸೊಪ್ಪಿನ ಸಾರು ತಿನ್ನೋಳಿಗೆ ರಕ್ತ ಹೇಗೆ ಕಡಿಮೆ ಆಗುತ್ತೆ ಅಂತ ನಮ್ಮಮ್ಮ ನಂಬಲೇ ಇಲ್ಲ. ತಿಂಗಳು ತಿಂಗಳು ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿತ್ತು, ನಾನು ಯಾರಿಗೂ ಹೇಳಿರಲಿಲ್ಲ.

ಕಬ್ಬಿಣದ ಮಾತ್ರೆ ಕೊಟ್ಟರು. ಒಂದು ತಿಂಗಳು ನುಂಗಿದರೂ ಅಷ್ಟೇನೂ ಏರಲಿಲ್ಲ. ಯಾಕೆ ಅಂದರೆ ಮಾತ್ರೆ ನುಂಗಿದ ತಕ್ಷಣ ಟೀ ಕುಡಿಯುತ್ತಿದ್ದೆ! ಟೀ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ, ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ತಗೊಂಡರೆ ಒಳ್ಳೇದು. ಆಮೇಲೆ ಥೈರಾಯ್ಡ್ ಕೂಡ ಕಡಿಮೆ ಇರುವುದು ಗೊತ್ತಾಯಿತು. ಅದರ ಮಾತ್ರೆ ಬೆಳಗ್ಗೆ ಬರೀ ಹೊಟ್ಟೆಯಲ್ಲಿ, ಕಬ್ಬಿಣದ್ದು ಅದಾಗಿ ನಾಲ್ಕು ಗಂಟೆಯಾದರೂ ಬಿಟ್ಟು. ಮೂರು ತಿಂಗಳು ಹಿಡಿಯಿತು ನೋಡಿ, ಆಮೇಲೆ ಒಂದು ದಿನ ಅಲಾರಂಗೆ ಮುಂಚೆಯೇ ಎಚ್ಚರ ಆಯ್ತು, ಸುಮ್ನೆ ಹಾಸಿಗೆ ಮೇಲೆ ಕೂತುಬಿಟ್ಟೆ.

ನೀವು ಹಿಮೋಗ್ಲೋಬಿನ್, ಥೈರಾಯ್ಡ್ ಗೊತ್ತಾಗುವ ಟಿಎಸ್‌ಎಚ್, ಶುಗರ್, ಬಿ12 ಇಷ್ಟು ನೋಡಿಸಿಕೊಳ್ಳಿ. ಹಿಮೋಗ್ಲೋಬಿನ್ ಆದರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ನೋಡುತ್ತಾರೆ. ಮತ್ತೆ ಬಸುರಿನ ಮೊದಲ ತಿಂಗಳುಗಳಲ್ಲೂ ಹೀಗೆ ನಿದ್ದೆ ಎಳೆಯುತ್ತದೆ, ಅದನ್ನೂ ಒಂದು ಸಲ ಖಾತ್ರಿ ಮಾಡಿಕೊಳ್ಳಿ.
– ಗಾರ್ಮೆಂಟ್ಸ್ ಕೆಲಸದ ಓದುಗರು, ಗೌರಿಬಿದನೂರು

ನಾನು ಕೋಲಾರದ ಮಾರ್ಕೆಟ್‌ನಿಂದ ಟೊಮೆಟೊ ಲೋಡ್ ಹೊಡೆಯುವವನು. ನನ್ನ ಕಥೆ ಬೇರೆ, ಆದರೂ ಬರೆಯುತ್ತೇನೆ, ಯಾಕಂದ್ರೆ ಇದು ಹೆಂಗಸರಿಗೂ ಬರುತ್ತದೆ ಅಂತ ಡಾಕ್ಟರ್ ಹೇಳಿದ್ದರು. ಜೋರು ಗೊರಕೆ ಬಂದರೆ ಒಳ್ಳೆ ನಿದ್ದೆ ಅಂತಾರಲ್ಲ, ಅದು ತಪ್ಪು. ರಾತ್ರಿ ನನ್ನ ಉಸಿರೇ ನಿಲ್ಲುತ್ತಿತ್ತು. ಗಂಟಲ ಹಿಂದಿನ ಭಾಗ ಸಡಿಲವಾಗಿ ಗಾಳಿ ದಾರಿ ಮುಚ್ಚುತ್ತದೆ, ಹತ್ತು ಸೆಕೆಂಡು, ಇನ್ನೂ ಜಾಸ್ತಿ, ಆಮೇಲೆ ಮಿದುಳು ಎಚ್ಚರವಾಗಿ ಉಸಿರು ಎಳೆಯುತ್ತದೆ. ನಮಗೆ ನೆನಪೇ ಇರುವುದಿಲ್ಲ. ನೋಡಿದ್ದು ನನ್ನ ಹೆಂಡತಿ. ನರಸಾಪುರ ದಾಟಿದ ಮೇಲೆ ಸ್ಟೀರಿಂಗ್ ಹಿಡಿದೇ ಕಣ್ಣು ಮುಚ್ಚಿ, ಗಾಡಿ ಡಿವೈಡರ್ ಸವರಿದ ಮೇಲೆ ಅವಳೇ ನನ್ನನ್ನು ಬೆಂಗಳೂರಿಗೆ ಎಳೆದುಕೊಂಡು ಹೋದಳು. ಮೈಗೆಲ್ಲ ವೈರ್ ಅಂಟಿಸಿ ಒಂದು ರಾತ್ರಿ ಮಲಗಿಸಿ ನೋಡಿದರು. ಗಂಟೆಗೆ 34 ಸಲ ನಿಲ್ಲುತ್ತಿತ್ತು, 5 ದಾಟಿದರೇ ತೊಂದರೆಯಂತೆ. ಈಗ ರಾತ್ರಿ, ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಅನ್ನೋ ಮೆಷಿನ್‌ನ ಮಾಸ್ಕ್ ಹಾಕಿಕೊಂಡು ಮಲಗುತ್ತೇನೆ.

ಅಕ್ಕಾ, ಒಂದು ರಾತ್ರಿ ನಿಮ್ಮ ಯಜಮಾನರು ಎದ್ದು ಕೂತು ನಿಮ್ಮ ಉಸಿರು ಕೇಳಲಿ. ಬೆಳಗ್ಗೆ ಬಾಯಿ ಒಣಗುವುದು, ತಲೆನೋವು ಇದ್ದರೆ ಡಾಕ್ಟರಿಗೆ ಹೇಳಿ. ಎಪ್ವರ್ತ್ ಅಂತ ಎಂಟು ಪ್ರಶ್ನೆ ಕೇಳುತ್ತಾರೆ. ಟಿವಿ ನೋಡುವಾಗ, ಓದುವಾಗ, ಬಸ್ಸಲ್ಲಿ ಒಂದು ಗಂಟೆ ಕೂತಾಗ ತೂಕಡಿಕೆ ಬರುತ್ತಾ ಅಂತ. ಒಂದೊಂದಕ್ಕೆ 0 ಯಿಂದ 3 ಅಂಕ. ಒಟ್ಟು 10 ದಾಟಿದರೆ ಬಿಡಬೇಡಿ. ಹುಳುವಿಗೆ ಸೊಪ್ಪು ಕತ್ತರಿಸುವ ಕೆಲಸ ನಿಮ್ಮದಾದರೆ, ಡಾಕ್ಟರಿಗೆ ತೋರಿಸುವವರೆಗೆ ಕತ್ತಿ ಮುಟ್ಟಲೇಬೇಡಿ.
– ಚಾಲಕರು, ಕೋಲಾರ

ಎಲ್ಲ ರಿಪೋರ್ಟೂ ಸರಿ ಬಂದರೆ? ಆಗಲೂ ನಿಮ್ಮದು ಸೋಮಾರಿತನ ಅಲ್ಲ. ನನ್ನ ಮಗಳಿಗೆ ಹೆರಿಗೆ ಆಗಿ ವರ್ಷ ಕಳೆದ ಮೇಲೂ ಎದ್ದು ಏನು ಮಾಡಬೇಕು ಅನ್ನೋ ಭಾವ ಇತ್ತು. ಅವಳು ಅಳುತ್ತಿರಲಿಲ್ಲ, ಮಲಗುತ್ತಿದ್ದಳು ಅಷ್ಟೇ. ಖಿನ್ನತೆ ಹೀಗೂ ಇರುತ್ತೆ ಅಂತ ನಮಗೆ ತಿಳಿಯಲು ತುಂಬಾ ದಿನ ಬೇಕಾಯಿತು. ಟೆಲಿ ಮಾನಸ್ ನಂಬರ್ 14416, ದುಡ್ಡಿಲ್ಲ, ದಿನದ ಯಾವ ಹೊತ್ತಲ್ಲಾದರೂ ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನೊಂದು ಮಾತು, ನೆಗಡಿ ತುರಿಕೆಗೆ ಸಿಟ್ರಿಜಿನ್, ಅವಿಲ್ ಅಂತ ಅಂಗಡಿಯಿಂದ ತಂದು ನುಂಗುತ್ತಿದ್ದರೆ ಅದೂ ನಿದ್ದೆ ತರುತ್ತದೆ.
– ನಿವೃತ್ತ ಶಿಕ್ಷಕಿ, ತುಮಕೂರು

ನಾನು ಬರೆಯುತ್ತಿರುವುದು ನಿನಗಲ್ಲ ಮಗಳೇ, ನಿಮ್ಮ ಅತ್ತೆಗೆ. ಓದಿ ಹೇಳು. ಅಮ್ಮಾ, ನಾನೂ ಹುಳು ಮನೆಯವಳೇ, ನಾನೂ ಸೊಸೆಯನ್ನು ಬೈದವಳೇ. ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ ಹುಳು ಎದ್ದ ಮೇಲೆ ಆ ಏಳೆಂಟು ದಿನ ಎಷ್ಟು ಸೊಪ್ಪು ಹಾಕಿದರೂ ಸಾಲದು ಅಂತ ನಿಮಗೆ ಗೊತ್ತು. ರಾತ್ರಿ ಹನ್ನೊಂದಕ್ಕೆ ಒಂದು ಸಲ, ಬೆಳಗಿನ ಜಾವ ಇನ್ನೊಂದು ಸಲ, ನಡುವೆ ಮಗು ಹಾಲಿಗೆ ಅಳುತ್ತದೆ. ಆ ಹುಡುಗಿ ಮಲಗೋದು ಯಾವಾಗ ಹೇಳಿ? ಹುಳು ಮಂಕಾದರೆ ಬೈಯುತ್ತೇವಾ? ಸೊಪ್ಪು ನೋಡುತ್ತೇವೆ, ಗಾಳಿ ನೋಡುತ್ತೇವೆ, ಏನು ರೋಗ ಅಂತ ಕೇಳಿಕೊಂಡು ಓಡುತ್ತೇವೆ. ಸೊಸೆಯನ್ನೂ ಹಾಗೆ ಕರಕೊಂಡು ಹೋಗಿ, ಜೊತೆಗೆ ನೀವೇ ಹೋಗಿ. ನಮ್ಮ ಮನೆಯಲ್ಲಿ ಈಗ ಹನ್ನೊಂದರ ಸೊಪ್ಪು ಮಗ ಹಾಕುತ್ತಾನೆ, ಜಾವದ್ದು ನಾನು. ಸೊಸೆ ಮಗು ಜೊತೆ ಆರರವರೆಗೆ ಮಲಗುತ್ತಾಳೆ. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಡುವ ದಿನ ಮಾತ್ರ ಎಲ್ಲರೂ ಒಟ್ಟಿಗೆ ಏಳುತ್ತೇವೆ.
– ರೇಷ್ಮೆ ಬೆಳೆಗಾರರ ಮನೆಯ ಓದುಗರು, ಚಿಂತಾಮಣಿ ತಾಲ್ಲೂಕು