ಬೋರಿಗೆ ಬಿದ್ದ ಕಾಲಂ ಪೈಪು: ಎಣ್ಣೆ ಬಾವಿಯ ಓವರ್‌ಶಾಟ್ ಇಲ್ಲಿ ನಡೆಯುತ್ತದಾ?

ಮುಳ್ಳೇರಿಯ_ತೋಟ:
ಬೋರು 6½ ಇಂಚು, ಆಳ 140 ಮೀಟರ್. ಮೇಲಿನ 18 ಮೀಟರ್ ಮುರಕಲ್ಲು, ಜೇಡಿಮಣ್ಣು. ಅಲ್ಲಿಗೆ ಪಿವಿಸಿ ಕೇಸಿಂಗ್ ಉಂಟು. ಕೆಳಗೆ ಬರೀ ಕರಿಕಲ್ಲು, ಕೇಸಿಂಗ್ ಇಲ್ಲ. 3 ಎಚ್‌ಪಿ ಪಂಪು 90 ಮೀಟರಿನಲ್ಲಿತ್ತು, 1½ ಇಂಚಿನ ಜಿಐ ಪೈಪು 6 ಮೀಟರಿನದ್ದು 15. ಮೇಲಿನಿಂದ ಮೂರನೆಯದರ ಅಡಿಯಲ್ಲಿ ಬಿಟ್ಟುಕೊಂಡು 12 ಪೈಪು, ಪಂಪು ಎಲ್ಲ ಒಟ್ಟಿಗೆ ತಳಕ್ಕೆ. ನೈಲಾನ್ ಹಗ್ಗವೂ ತುಂಡು. ಕೊಕ್ಕೆ ಇಳಿಸಿ ಎಳೆದದ್ದರಲ್ಲಿ ಹತ್ತು ಮೀಟರ್ ಕೇಬಲ್ ಮಾತ್ರ ಬಂತು. ಎಣ್ಣೆ ಬಾವಿಯಲ್ಲಿ ಹೀಗೆ ಬಿದ್ದ ಟ್ಯೂಬಿಂಗ್ (ಎಣ್ಣೆ ಮೇಲೆ ತರುವ ಪೈಪು) ಹಿಡಿಯಲು ಓವರ್‌ಶಾಟ್ ಅಂತ ಒಂದು ಸಾಮಾನು ಉಂಟಂತೆ. ಗಲ್ಫಿನಲ್ಲಿ ಆ ಕೆಲಸದಲ್ಲಿರುವವರು ಇಲ್ಲಿ ಇದ್ದೀರಿ. ಅದು ಹಿಡಿಯುವುದು ಹೇಗೆ, ನಮ್ಮ ಲೇತ್‌ನಲ್ಲಿ ಮಾಡಿಸಬಹುದಾ? ಮತ್ತೊಂದು: ಅಲ್ಲಿ ಸಾವಿರಾರು ಮೀಟರ್ ಟ್ಯೂಬಿಂಗ್ ಬಿಚ್ಚಿಕೊಳ್ಳದೆ ನಿಲ್ಲುವುದು ಯಾವ ಉಪಾಯದಿಂದ?

ಕುಂಬಳೆ_ಫಿಶಿಂಗ್:
ಮೊದಲು ಆ ಕೊಕ್ಕೆ ಹಾಕುವುದನ್ನು ನಿಲ್ಲಿಸಿ ಮಾರಾಯ್ರೆ. ಪ್ರತಿ ಸಲವೂ ಕೇಬಲ್ ಮುದ್ದೆಯಾಗಿ ಪೈಪಿನ ತಲೆಯ ಮೇಲೆ ಕೂರುತ್ತದೆ. ಆಮೇಲೆ ಯಾವ ಉಪಕರಣವೂ ಪೈಪನ್ನು ಮುಟ್ಟುವುದಿಲ್ಲ.

ಓವರ್‌ಶಾಟ್ ಅಂದರೆ ಬಿದ್ದ ಪೈಪಿನ ಹೊರಮೈಯನ್ನು ಹಿಡಿಯುವ ಬಟ್ಟಲು. ಬಟ್ಟಲಿನ ಒಳಗೋಡೆಯಲ್ಲಿ ಇಳಿಜಾರಿನ ಸುರುಳಿ ಕಡಿದಿರುತ್ತದೆ, ಅದರೊಳಗೆ ಗ್ರಾಪಲ್, ಅಂದರೆ ಪೈಪನ್ನು ಕಚ್ಚುವ ಹಲ್ಲಿನ ತುಂಡು, ಕೂರುತ್ತದೆ. ಮೇಲಿಂದ ಇಳಿಸಿ ನಿಧಾನ ಬಲಕ್ಕೆ ತಿರುಗಿಸಿದರೆ ಗ್ರಾಪಲ್ ಅಗಲವಾಗಿ ಪೈಪು ಒಳಗೆ ಬರುತ್ತದೆ. ಮೇಲಕ್ಕೆ ಎಳೆದರೆ ಬಟ್ಟಲು ಏರುತ್ತದೆ, ಗ್ರಾಪಲ್ ಇಳಿಜಾರಿನಲ್ಲಿ ಜಾರಿ ಕಿರಿದಾಗುತ್ತದೆ. ಅಡಕೆ ಮರ ಹತ್ತುವಾಗ ಕಾಲಿಗೆ ಹಾಕುವ ತಳೆಯ ಹಾಗೆ, ಭಾರ ಬಿದ್ದಷ್ಟೂ ಬಿಗಿ. ಪೈಪು ಗ್ರಾಪಲಿನ ಗರಿಷ್ಠ ಅಳತೆಗೆ ಹತ್ತಿರವಿದ್ದರೆ ಸ್ಪೈರಲ್ ಗ್ರಾಪಲ್, ಸಣ್ಣದಿದ್ದರೆ ಬಾಸ್ಕೆಟ್ ಗ್ರಾಪಲ್. ಇದರ ನಿಜವಾದ ಜಾಣತನ ಇರುವುದು ಬಿಡುವುದರಲ್ಲಿ. ಕೆಳಗಿನದ್ದು ಅಲುಗದಿದ್ದರೆ ಮೇಲಿಂದ ಒಮ್ಮೆ ಕುಟ್ಟಿ, ಬಲಕ್ಕೆ ತಿರುಗಿಸುತ್ತ ಮೆಲ್ಲಗೆ ಎತ್ತಿದರೆ ಕಳಚಿಕೊಂಡು ಬರುತ್ತದೆ. ಬಿಡಲಿಕ್ಕೆ ಬಾರದ ಉಪಕರಣ ಇಳಿಸಿದರೆ ಬೋರಿನಲ್ಲಿ ಎರಡು ಸರ ಪೈಪು ಉಳಿದೀತು.

ಆದರೆ ಯಾವ ಉಪಕರಣ ಬೇಕು ಅಂತ ಗೊತ್ತಾಗಬೇಕಾದರೆ ಕೆಳಗೆ ಮೇಲ್ಮುಖವಾಗಿ ನಿಂತಿರುವುದು ಏನು ಅಂತ ಗೊತ್ತಿರಬೇಕು. ಅದಕ್ಕೆ ಸಾಕ್ಷಿ ನಿಮ್ಮ ಅಂಗಳದಲ್ಲೇ ಉಂಟು: ಮೇಲೆ ಬಂದ ಮೂರನೇ ಪೈಪಿನ ತುದಿ. ಅದು ಹೇಗಿದೆ ಹೇಳಿ. ತ್ರೆಡ್ ಪೂರ್ತಿ ಇದ್ದರೆ ಬಿಚ್ಚಿಕೊಂಡದ್ದು. ಕೆಳಗೆ ಖಾಲಿ ಸಾಕೆಟ್ (ಎರಡು ಪೈಪು ಜೋಡಿಸುವ ತೋಳು) ನಿಂತಿದೆ. ಸಾಕೆಟ್ ಮೇಲೆ ಬಂದಿದ್ದರೆ ಕೆಳಗಿರುವುದು ಪೈಪಿನ ಗಂಡು ತುದಿ. ತ್ರೆಡ್ಡಿನ ಬುಡದಲ್ಲಿ ಮುರಿದಿದ್ದರೆ ಮುರಿದ ಚೂರು ಸಾಕೆಟ್ಟಿನೊಳಗೆ ಕೂತಿದೆ.

ಆಮೇಲೆ ಅಚ್ಚು ತೆಗೆಯಿರಿ. ನಾವು ಸೀಸದ ಬ್ಲಾಕ್ ಇಳಿಸುತ್ತೇವೆ. ನಿಮಗೆ 4 ಇಂಚಿನ ಪಿವಿಸಿ ಕ್ಯಾಪಿನಲ್ಲಿ ಬಟ್ಟೆ ಸೋಪು ಗಟ್ಟಿಯಾಗಿ ತುಂಬಿಸಿ, ಅಡಿಯಲ್ಲಿ ಎರಡು ಬೆರಳಷ್ಟು ಹೊರಗಿಟ್ಟು, ಪೈಪಿನ ತುದಿಗೆ ಕಟ್ಟಿ ಇಳಿಸಿದರೂ ಸಾಕು. ಒಂದೇ ಸಲ ಕೂರಿಸಿ. ಎರಡನೇ ಸಲ ಕುಟ್ಟಿದರೆ ಅಚ್ಚಿನ ಮೇಲೆ ಅಚ್ಚು ಬಿದ್ದು ಏನೂ ಓದಲಿಕ್ಕಾಗುವುದಿಲ್ಲ. ಪಂಪು ತಳ ಮುಟ್ಟಿದ್ದರೆ ತಲೆ 67 ಮೀಟರಿನ ಆಸುಪಾಸು ಸಿಗಬೇಕು. 60ರಲ್ಲೇ ತಾಗಿದರೆ ಅದು ಕೇಬಲ್ ಮುದ್ದೆ.

ಲೇತ್_ಬದಿಯಡ್ಕ:
ಸುರುಳಿ ಬಟ್ಟಲು ಸಾಧಾರಣ ಲೇತ್‌ನಲ್ಲಿ ಆಗುವ ಕೆಲಸ ಅಲ್ಲ. ಬಟ್ಟಲಿನ ಇಳಿಜಾರೂ ಗ್ರಾಪಲಿನದ್ದೂ ಪೂರ್ತಿ ಹೊಂದಬೇಕು. ಒಂದು ಬದಿ ಮಾತ್ರ ತಾಗಿದರೆ ಪೈಪು ಮೊಟ್ಟೆಯಾಗಿ ಜಾರುತ್ತದೆ. ಅದರ ಬದಲು ನೇರ ಇಳಿಜಾರಿನ ಬಟ್ಟಲು, ಒಳಗೆ ಮೂರು ತುಂಡಿನ ಸ್ಲಿಪ್ಪು (ಪೈಪನ್ನು ಕಚ್ಚುವ ಹಲ್ಲಿನ ಬೆಣೆ), ಮೇಲೆ ಒಂದು ಸ್ಪ್ರಿಂಗ್ ಮಾಡಬಹುದು. ಇಳಿಜಾರು ಒಂದು ಬದಿಗೆ 9ರಿಂದ 10 ಡಿಗ್ರಿ. ರಿಗ್ಗಿನ ರೋಟರಿ ಸ್ಲಿಪ್ಪಿಗೂ ಹೆಚ್ಚುಕಮ್ಮಿ ಅಷ್ಟೇ. ಸ್ಲಿಪ್ಪಿಗೆ ಇಎನ್8 ಉಕ್ಕು, ಹಲ್ಲು ಮೇಲ್ಮುಖ, ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು.

ಆದರೆ ಇದು ಹಿಡಿದರೆ ಬಿಡುವುದಿಲ್ಲ. ಹಾಗಾಗಿ ಉಪಕರಣದ ಮೇಲೆ ಒಂದು ದುರ್ಬಲ ಜಾಗ ಬೇಕೇ ಬೇಕು: ಒಂದರೊಳಗೊಂದು ಕೂರುವ ಎರಡು ತೋಳು, ಅಡ್ಡಕ್ಕೆ ಒಂದು 8 ಮಿ.ಮೀ. ಸಾದಾ ಬೋಲ್ಟು, ಎರಡೂ ಬದಿ ತೂರಿಸಿದ್ದು. ಹೈ ಟೆನ್ಸೈಲ್ ಹಾಕಬೇಡಿ. ಸಾದಾ ಬೋಲ್ಟು ಸುಮಾರು 1.7 ಟನ್ನಿಗೆ ಕತ್ತರಿಸುತ್ತದೆ. ಕೆಳಗಿರುವ ಪೈಪು, ಪಂಪು ಸೇರಿ 300 ಕಿಲೊ ಚಿಲ್ಲರೆ, ಎತ್ತಲಿಕ್ಕೆ ಧಾರಾಳ. ನಿಮ್ಮ ಒಳ್ಳೆಯ ಪೈಪಿನ ತ್ರೆಡ್ ಹರಿಯುವ ಮೊದಲೇ ಬೋಲ್ಟು ಹೋಗುತ್ತದೆ.

ಯುಪಿವಿಸಿ ಕಾಲಂ ಇರುವವರು ಇದನ್ನು ನೋಡಿ ಮಾಡಿಸಬೇಡಿ. ಸ್ಲಿಪ್ಪಿನ ಹಲ್ಲು ಪಿವಿಸಿಯನ್ನು ಪುಡಿ ಮಾಡುತ್ತದೆ.

ಮುಳ್ಳೇರಿಯ_ತೋಟ:
ತುದಿ ನೋಡಿದೆ. ತ್ರೆಡ್ಡಿನ ಬುಡದಲ್ಲಿ ಮುರಿದಿದೆ. ಸುತ್ತಳತೆಯ ಮುಕ್ಕಾಲು ಭಾಗ ಕಪ್ಪು, ನಯ. ಉಳಿದ ಕಾಲು ಭಾಗ ಬೆಳ್ಳಗೆ ಹೊಳೆಯುತ್ತದೆ, ತರಿತರಿ ಉಂಟು. ಸೋಪಿನಲ್ಲಿ ಪೂರ್ತಿ ಉಂಗುರ ಬರಲಿಲ್ಲ, ಒಂದು ಬದಿಯಲ್ಲಿ ಅರ್ಧಚಂದ್ರ ಮಾತ್ರ. ಆಳ 66½ ಮೀಟರ್.

ಕುಂಬಳೆ_ಫಿಶಿಂಗ್:
ಹಾಗಾದರೆ ತುಂಬ ಹಿಂದೆಯೇ ಬಿರುಕು ಬಿಟ್ಟಿತ್ತು. ಕಪ್ಪು ಭಾಗ ಹಳೇ ಬಿರುಕು, ನೀರು ಕುಡಿದು ತುಕ್ಕು ಹಿಡಿದದ್ದು. ಬೆಳ್ಳಗಿನ ಕಾಲು ಭಾಗ ಕೊನೆಯ ದಿನದವರೆಗೆ ಭಾರ ಹೊತ್ತದ್ದು. ಕೆಳಗೆ ನಿಂತಿರುವುದು ಸಾಕೆಟ್, ಅದೂ ಗೋಡೆಗೆ ಒರಗಿಕೊಂಡು.

ಒಳ್ಳೆಯ ಸುದ್ದಿ ಏನೆಂದರೆ ಸಾಕೆಟ್ ಮೇಲಿದ್ದರೆ ಸ್ಲಿಪ್ಪೂ ಬೇಡ, ಹಲ್ಲೂ ಬೇಡ. ಕಾಲರ್, ಅಂದರೆ ಸಾಕೆಟ್ಟನ್ನೇ ಹಿಡಿಯುವ ಓವರ್‌ಶಾಟ್ ಸಾಕು. ಕೊಳವೆಯೊಳಗೆ ಸ್ಪ್ರಿಂಗ್ ಪಟ್ಟಿಯ ನಾಲ್ಕು ಬೆರಳು, ತುದಿ ಒಳಕ್ಕೆ ಮತ್ತು ಮೇಲಕ್ಕೆ ಬಾಗಿದ್ದು. ಇಳಿಯುವಾಗ ಸಾಕೆಟ್ ಬೆರಳುಗಳನ್ನು ಅಗಲಿಸಿ ಒಳಗೆ ಹೋಗುತ್ತದೆ; ದಾಟಿದ ಮೇಲೆ ಬೆರಳು ಮುಚ್ಚಿ ಸಾಕೆಟ್ಟಿನ ಅಡಿಗೆ ಸಿಕ್ಕಿಕೊಳ್ಳುತ್ತದೆ. ಬೆರಳು ಮುಚ್ಚಿದಾಗ ನಡುವಿನ ತೆರವು ಪೈಪಿನ 48 ಮಿ.ಮೀ.ಗಿಂತ ಒಂದೆರಡು ಮಿ.ಮೀ. ಹೆಚ್ಚಿರಲಿ. ಅದೇ ಮಾಲಿನ ಒಂದು ಸಾಕೆಟ್ಟಿನ ಮೇಲೆ ಅಂಗಳದಲ್ಲೇ ಹತ್ತಾರು ಸಲ ಹಾಕಿ ನೋಡಿ, ಮತ್ತೆ ಇಳಿಸಿ. ಲೇತಿನವರು ಹೇಳಿದ 8 ಮಿ.ಮೀ. ಬೋಲ್ಟು ಇದಕ್ಕೂ ಬೇಕು.

ಒರಗಿದ ಪೈಪಿಗೆ ಉಪಕರಣದ ಬಾಯಿ ಮುಖ್ಯ. ಬಾಯಿಯ ಹೊರವ್ಯಾಸ 140 ಮಿ.ಮೀ. ಇರಲಿ, ಅಂಚನ್ನು ಓರೆಯಾಗಿ ಕತ್ತರಿಸಿ, ಉದ್ದದ ನಾಲಿಗೆಯನ್ನು ಸ್ವಲ್ಪ ಕೊಕ್ಕೆಯ ಹಾಗೆ ಬಾಗಿಸಿ. ತಾಗಿದ ಮೇಲೆ ಎರಡು ಇಂಚು ಎತ್ತಿ, ಕಾಲು ಸುತ್ತು ಬಲಕ್ಕೆ, ಮತ್ತೆ ಇಳಿಸಿ. ಹೀಗೆ ಸುತ್ತುತ್ತ ಹೋದರೆ ನಾಲಿಗೆ ಪೈಪಿನ ಹಿಂದೆ ಸೇರಿ ಅದನ್ನು ನಡುವಿಗೆ ತರುತ್ತದೆ. ಎಡಕ್ಕೆ ಒಂದು ಸುತ್ತೂ ಬೇಡ, ಇಳಿಸಿದ ಪೈಪೇ ಬಿಚ್ಚಿಕೊಳ್ಳುತ್ತದೆ. ಇದಕ್ಕಿಂತ ಮೊದಲು ಕೇಬಲ್ ತೆಗೆಯಬೇಕು: ಒಂದು ಸರಳಿಗೆ ಮೇಲ್ಮುಖವಾಗಿ ಮುಳ್ಳು ವೆಲ್ಡ್ ಮಾಡಿ, ಮುದ್ದೆಯೊಳಗೆ ಇಳಿಸಿ ನಾಲ್ಕು ಸುತ್ತು ತಿರುಗಿಸಿ ಎತ್ತಿ. ಮುಳ್ಳಿನ ಮೇಲ್ಗಡೆ 140 ಮಿ.ಮೀ. ತಟ್ಟೆಯೊಂದು ಇಲ್ಲದಿದ್ದರೆ ಕೇಬಲ್ ಸರಳನ್ನು ದಾಟಿ ಮೇಲೆ ಬಂದು ಅದನ್ನೇ ಸಿಕ್ಕಿಸುತ್ತದೆ.

ಎಳೆಯುವಾಗ ಚೈನ್ ಬ್ಲಾಕಿಗೆ ನೇತಾಡಿಸುವ ತೂಕದ ಯಂತ್ರ ಹಾಕಿ, ಪೈಪಿಗೆ ಚಾಕ್ ಗೆರೆ ಎಳೆಯಿರಿ. ಇದು ಎಣ್ಣೆ ಬಾವಿಯ ಹಳೇ ಲೆಕ್ಕ: ಉಕ್ಕು ಎಳೆದಷ್ಟೂ ಉದ್ದವಾಗುತ್ತದೆ, ಆ ಉದ್ದದಿಂದ ಎಲ್ಲಿ ಸಿಕ್ಕಿದೆ ಅಂತ ತಿಳಿಯುತ್ತದೆ. 2⅞ ಇಂಚಿನ, ಅಡಿಗೆ 6.5 ಪೌಂಡಿನ ಟ್ಯೂಬಿಂಗಿಗೆ ಹೆಚ್ಚುವರಿ 5 ಟನ್ ಕೊಟ್ಟಾಗ 20 ಸೆಂ.ಮೀ. ಹಿಗ್ಗಿದರೆ ಸುಮಾರು 980 ಮೀಟರಿನಲ್ಲಿ ಸಿಕ್ಕಿದೆ. ನಿಮ್ಮ ಜಿಐ ಪೈಪು, ಮೀಡಿಯಂ ಕ್ಲಾಸ್ ಅಂತ ಹಿಡಿದರೆ, ಸ್ವಂತ ಭಾರ ಎತ್ತಿದ ಮೇಲಿನ ಪ್ರತಿ ಟನ್ನಿಗೆ 15 ಮಿ.ಮೀ. ಹಿಗ್ಗಿದರೆ ಪಂಪು ಕೆಸರಿನಲ್ಲಿ ಕೂತಿದೆ. 7 ಮಾತ್ರ ಬಂದರೆ ಉಪಕರಣವೇ ತನ್ನ ಜಾಗದಲ್ಲಿ ಕಲ್ಲಿಗೆ ಸಿಕ್ಕಿದೆ, ಎಳೆಯಬೇಡಿ. ಗೆರೆ ಏರುತ್ತಲೇ ಹೋಗಿ ತೂಕ ಹಾಗೆಯೇ ನಿಂತರೆ ಬರುತ್ತಾ ಉಂಟು. ಜರ್ಕ್ ಕೊಡಬೇಡಿ, ಕೆಳಗಿನ ಹನ್ನೆರಡು ಜೋಡಣೆಯೂ ಅದೇ ವಯಸ್ಸಿನವು.

ಟ್ಯೂಬಿಂಗ್_ಉಪ್ಪಳ:
ಎರಡನೇ ಪ್ರಶ್ನೆಗೆ ಬರುತ್ತೇನೆ. 1½ ಇಂಚಿನ ಮೀಡಿಯಂ ಜಿಐ ಪೈಪಿನ ದಪ್ಪ 3.2 ಮಿ.ಮೀ. ಇಂಚಿಗೆ 11 ತ್ರೆಡ್ ಕಡಿದಾಗ ಸುಮಾರು 1.5 ಮಿ.ಮೀ. ಹೋಯಿತು. ಅಂದರೆ ಬುಡದಲ್ಲಿ ಅರ್ಧ ಪೈಪು ಮಾತ್ರ ಉಂಟು, ಮುರಿದದ್ದೂ ಅಲ್ಲೇ. ಎಣ್ಣೆ ಬಾವಿಯ ಇಯುಇ (ಎಕ್ಸ್‌ಟರ್ನಲ್ ಅಪ್‌ಸೆಟ್ ಎಂಡ್) ಟ್ಯೂಬಿಂಗಿನಲ್ಲಿ ತ್ರೆಡ್ ಕಡಿಯುವ ಮೊದಲೇ ಪೈಪಿನ ತುದಿಯನ್ನು ಹೊರಕ್ಕೆ ದಪ್ಪ ಮಾಡಿರುತ್ತಾರೆ. 2⅞ ಇಂಚಿನ ಜೆ55 ದರ್ಜೆ ಉಕ್ಕಿನ ಪೈಪು ದಪ್ಪ ಮಾಡದೆ ಕಡಿದರೆ ಜೋಡಣೆ 24 ಟನ್ ತಡೆಯುತ್ತದೆ, ದಪ್ಪ ಮಾಡಿ ಕಡಿದರೆ 45. ನನ್ನ ಮಟ್ಟಿಗೆ ಟ್ಯೂಬಿಂಗಿನಲ್ಲಿ ಆದ ಅತಿ ದೊಡ್ಡ ಸುಧಾರಣೆ ಇದು. ಇನ್ನೊಂದು, ಅಲ್ಲಿ ಗಂಡು ಹೆಣ್ಣು ಎರಡೂ 16ಕ್ಕೆ 1ರ ಇಳಿಜಾರಿನವು. ನಮ್ಮ ಜಿಐ ಸಾಕೆಟ್ ಒಳಗೆ ನೇರ, ಪೈಪು ಮಾತ್ರ ಇಳಿಜಾರು. ಕೆಲವೇ ತ್ರೆಡ್ ಕಚ್ಚಿ ಹಿಡಿಯುತ್ತವೆ, ಉಳಿದವು ಸುಮ್ಮನೆ.

ತಿರುಚುವ ಬಲದ ಕತೆ ಬೇರೆ. ಸಬ್‌ಮರ್ಸಿಬಲ್ ಪಂಪನ್ನು 1920ರ ದಶಕದಲ್ಲಿ ಎಣ್ಣೆ ಬಾವಿಗೆ ತಂದದ್ದು ಆರ್ಮೈಸ್ ಅರುತುನಾಫ್. ಮೋಟಾರು ಶುರುವಾಗುವಾಗ ಅದರ ಮೈ ವಿರುದ್ಧ ದಿಕ್ಕಿಗೆ ತಿರುಗಲು ನೋಡುತ್ತದೆ, ಹೆಚ್ಚಿನ ಪಂಪುಗಳಲ್ಲಿ ಅದು ಬಲ ತ್ರೆಡ್ ಬಿಚ್ಚುವ ದಿಕ್ಕು. ಮೇಲಿಂದ ಸರಳು ತಿರುಗಿಸುವ ಪಿಸಿಪಿ (ಪ್ರೋಗ್ರೆಸಿವ್ ಕ್ಯಾವಿಟಿ) ಪಂಪಿನಲ್ಲೂ ಇದೇ ಕಾಟ. ಅಲ್ಲಿ ಟಾರ್ಕ್ ಆಂಕರ್ ಹಾಕಿ ಟ್ಯೂಬಿಂಗನ್ನು ಕೇಸಿಂಗಿಗೆ ಕಚ್ಚಿಸಿಬಿಡುತ್ತಾರೆ. ಕೇಸಿಂಗ್ ಇಲ್ಲದ ಕಲ್ಲಿನ ಬೋರಿಗೆ ಅದು ಆಗದು, ಪಂಪಿನ ಮೇಲೆ ರಬ್ಬರಿನ ಟಾರ್ಕ್ ಅರೆಸ್ಟರ್ (ಬೋರಿನ ಗೋಡೆಗೆ ಒತ್ತಿ ತಿರುಗುವುದನ್ನು ತಡೆಯುವ ಸಾಮಾನು) ಕಟ್ಟಬಹುದು.

ಗ್ಯಾಸ್ ಬಾವಿಯ ಪ್ರೀಮಿಯಂ ತ್ರೆಡ್, ಲೋಹಕ್ಕೆ ಲೋಹ ಕೂರುವ ಸೀಲು ಎಲ್ಲ ನೀರಿಗೆ ಬೇಡ.

ಮುಳ್ಳೇರಿಯ_ತೋಟ:
ಹಳೇ ಎಣ್ಣೆ ಟ್ಯೂಬಿಂಗ್ ಗುಜರಿಯಲ್ಲಿ ಸಿಕ್ಕಿದರೆ ಕಾಲಂ ಮಾಡಬಹುದಾ ಅಣ್ಣ?

ಟ್ಯೂಬಿಂಗ್_ಉಪ್ಪಳ:
ಬೇಡ. 2⅜ ಇಂಚಿನದ್ದೇ ಮೀಟರಿಗೆ 7 ಕಿಲೊ, 90 ಮೀಟರಿಗೆ 630 ಕಿಲೊ. ಗ್ಯಾಲ್ವನೈಸ್ ಇಲ್ಲ, ಮುರಕಲ್ಲಿನ ಹುಳಿ ನೀರಿಗೆ ಬೇಗ ತಿನ್ನಿಸಿಕೊಳ್ಳುತ್ತದೆ. ಪಂಪಿನ ತ್ರೆಡ್ಡಿಗೆ ಹೊಂದುವುದೂ ಇಲ್ಲ. ಅದರ ಜೊತೆ ಸಿಗುವ, ತ್ರೆಡ್ಡಿಗೆ ಹಚ್ಚುವ ಎಪಿಐ ಗ್ರೀಸನ್ನಂತೂ ಮುಟ್ಟಬೇಡಿ: ಹಳೇ ಪಾಕದಲ್ಲಿ ತೂಕದ ನೂರಕ್ಕೆ 30 ಪಾಲು ಸೀಸವೇ. ಕುಡಿಯುವ ನೀರಿಗೆ ಟೆಫ್ಲಾನ್ ಟೇಪು ಸಾಕು.

ಹೆವಿ ಕ್ಲಾಸ್ ಜಿಐ ಹಾಕಿ, ಹಳೇ 15ರಲ್ಲಿ ಒಂದನ್ನೂ ಮತ್ತೆ ಇಳಿಸಬೇಡಿ. ಬಿಗಿಸುವಾಗ ಕನಿಷ್ಠ ಎಚ್‌ಪಿಗೆ 10 ಅಡಿ-ಪೌಂಡ್ ಅಂತ ಮೋಟಾರಿನವರ ಲೆಕ್ಕ: 3 ಎಚ್‌ಪಿಗೆ 41 ನ್ಯೂಟನ್ ಮೀಟರ್, ಅಂದರೆ 18 ಇಂಚಿನ ರೆಂಚಿನ ತುದಿಯಲ್ಲಿ ಸುಮಾರು ಒಂಬತ್ತು ಕಿಲೊ ಬಲ. ಅದು ತೀರಾ ಕನಿಷ್ಠ, ಎರಡರಷ್ಟು ಕೊಡಿ. ಸ್ಪ್ರಿಂಗ್ ಇರುವ ನಾನ್ ರಿಟರ್ನ್ ವಾಲ್ವ್ ಪಂಪಿನಿಂದ 7 ಮೀಟರಿನೊಳಗೆ ಇರಲಿ. ವಾಲ್ವ್ ಸೋರಿದರೆ ನೀರು ಇಳಿಯುತ್ತ ಪಂಪು ಹಿಂದಕ್ಕೆ ತಿರುಗುತ್ತದೆ. ಆ ಹೊತ್ತಿಗೆ ಕರೆಂಟು ಬಂದು ಆಟೊ ಸ್ಟಾರ್ಟರ್ ಎಳೆದರೆ ತ್ರೆಡ್ಡಿಗೆ ಬೀಳುವ ಪೆಟ್ಟು ಸಾಧಾರಣದ್ದಲ್ಲ. ಸ್ಟಾರ್ಟರಿನಲ್ಲಿ ಎರಡು ಮೂರು ನಿಮಿಷದ ಟೈಮರ್ ಇಡಿಸಿ.