ಮೆಥಡ್ ರೆಫರೆನ್ಸ್ ಕೊಟ್ಟು ಸೇರಿಸಿದ ಲಿಸನರ್ ತೆಗೆಯಲು ಬರುತ್ತಿಲ್ಲ, ಏಕೆ?

ಪ್ರಶ್ನೆ:
ಜಾವಾದಲ್ಲಿ ತಾಪಮಾನ ಬದಲಾದಾಗಲೆಲ್ಲ ಕರೆಯಬೇಕಾದ ಮೆಥಡ್‌ಗಳನ್ನು (ಅಂದರೆ ಲಿಸನರ್‌ಗಳನ್ನು) ಒಂದು ಲಿಸ್ಟ್‌ನಲ್ಲಿ ಇಟ್ಟಿದ್ದೇನೆ. ಅದಕ್ಕಾಗಿ ‘ಸೇರಿಸು’, ‘ತೆಗೆ’ ಎಂಬ ಎರಡು ಮೆಥಡ್‌ಗಳಿದ್ದು, ಎರಡರ ಪ್ಯಾರಾಮೀಟರ್ ಟೈಪ್ ಕೂಡ ‘ಕನ್ಸ್ಯೂಮರ್’ (ಒಂದು ಮೌಲ್ಯ ಪಡೆದು ಏನನ್ನೂ ಮರಳಿಸದ ಮೆಥಡ್ ಇರುವ ಇಂಟರ್‌ಫೇಸ್). ‘ದಿಸ್::ತೋರಿಸು’ ಎಂಬ ಮೆಥಡ್ ರೆಫರೆನ್ಸ್ (ಇದೇ ಆಬ್ಜೆಕ್ಟ್‌ನ ‘ತೋರಿಸು’ ಮೆಥಡ್ ಅನ್ನು ಕರೆಯದೆ ಹೆಸರಿಸುವ ಬರಹ) ಕೊಟ್ಟು ಸೇರಿಸಿದೆ. ಸರಿಯಾಗಿ ಕೆಲಸ ಮಾಡಿತು. ವಿಂಡೋ ಮುಚ್ಚುವಾಗ ‘ತೆಗೆ’ ಮೆಥಡ್‌ಗೂ ಅಕ್ಷರಶಃ ಅದನ್ನೇ ಕೊಟ್ಟರೆ ‘ಫಾಲ್ಸ್’ ಬರುತ್ತದೆ, ಲಿಸನರ್ ಲಿಸ್ಟ್‌ನಲ್ಲೇ ಉಳಿಯುತ್ತದೆ. ಕಂಪೈಲರ್ ಮಾತ್ರ ಎಲ್ಲಿಯೂ ತಕರಾರು ತೆಗೆದಿಲ್ಲ.

ಉತ್ತರ 1:
ಜಾವಾದಲ್ಲಿ ಮೆಥಡ್ ಎಂಬುದು ಒಂದು ಮೌಲ್ಯವಲ್ಲ, ಫಂಕ್ಷನ್‌ಗಳಿಗೆಂದೇ ಪ್ರತ್ಯೇಕ ಟೈಪ್ ಕೂಡ ಇಲ್ಲ. 2014ರ ಜಾವಾ 8ರಲ್ಲಿ ಬಂದ ಎರಡು ಕೋಲನ್‌ಗಳ ಬರಹವು, ಎದುರಿಗಿರುವ ಪ್ಯಾರಾಮೀಟರ್ ಯಾವ ಇಂಟರ್‌ಫೇಸ್ ಕೇಳುತ್ತದೆಯೋ ಅದನ್ನು ಪಾಲಿಸುವ ಒಂದು ಆಬ್ಜೆಕ್ಟ್ ಅನ್ನು ನಿಮ್ಮ ಮೆಥಡ್‌ನಿಂದ ಕಟ್ಟಿ ಕೊಡುತ್ತದೆ. ನೀವು ಆ ಸಾಲನ್ನು ಎರಡು ಕಡೆ ಬರೆದಿರುವುದರಿಂದ ಎರಡು ಬೇರೆ ಆಬ್ಜೆಕ್ಟ್‌ಗಳು ಹುಟ್ಟಿವೆ. ಅವುಗಳನ್ನು ಹೋಲಿಸುವ ‘ಈಕ್ವಲ್ಸ್’ ಮೆಥಡ್ ಎರಡೂ ಒಂದೇ ಆಬ್ಜೆಕ್ಟ್ ಹೌದೇ ಎಂಬುದನ್ನಷ್ಟೇ ನೋಡುವುದರಿಂದ, ಒಳಗಿನ ಮೆಥಡ್ ಒಂದೇ ಆದರೂ ಹೋಲಿಕೆ ಸೋಲುತ್ತದೆ. ಒಮ್ಮೆ ಮಾತ್ರ ಬರೆದು ‘ಫೈನಲ್’ ಫೀಲ್ಡ್‌ನಲ್ಲಿಟ್ಟು, ಸೇರಿಸಲೂ ತೆಗೆಯಲೂ ಆ ಫೀಲ್ಡನ್ನೇ ಕೊಡಿ. (ಲಿಸ್ಟ್‌ನ ‘ರಿಮೂವ್’ಗೆ ನೇರವಾಗಿ ಕೊಟ್ಟಿದ್ದರೆ ಕಂಪೈಲರ್ ಅಲ್ಲೇ ತಡೆಯುತ್ತಿತ್ತು, ಏಕೆಂದರೆ ಅದು ಕೇಳುವುದು ‘ಆಬ್ಜೆಕ್ಟ್’ ಟೈಪ್, ಅದರಿಂದ ಯಾವ ಇಂಟರ್‌ಫೇಸ್ ಬೇಕೆಂದು ತಿಳಿಯುವುದಿಲ್ಲ.)

ಉತ್ತರ 2:
ಸಿ ಶಾರ್ಪ್‌ನಿಂದ ಬಂದವರು ಇಲ್ಲಿ ಎಡವುವುದು ಸಹಜ. ಅಲ್ಲಿಯ ಡೆಲಿಗೇಟ್‌ಗಳು (ಮೆಥಡ್ ಅನ್ನು ಹಿಡಿದಿಡುವ ಆಬ್ಜೆಕ್ಟ್‌ಗಳು) ತಮ್ಮೊಳಗಿನ ಆಬ್ಜೆಕ್ಟ್ ಮತ್ತು ಮೆಥಡ್ ಎರಡನ್ನೂ ಹೋಲಿಸುವುದರಿಂದ, ಮೆಥಡ್‌ನ ಹೆಸರನ್ನು ಮತ್ತೊಮ್ಮೆ ಬರೆದು ಕಳೆದರೂ ಈವೆಂಟ್‌ನಿಂದ ಅದು ಹೋಗುತ್ತದೆ. ನನ್ನ ಮಟ್ಟಿಗೆ ಅದೇ ಒಳ್ಳೆಯ ವಿನ್ಯಾಸ.

ಪ್ರಶ್ನೆ ಕೇಳಿದವರು:
ಫೀಲ್ಡ್‌ನಲ್ಲಿಟ್ಟ ಮೇಲೆ ‘ಟ್ರೂ’ ಬಂತು, ಧನ್ಯವಾದಗಳು. ಅದರ ಬದಲು ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬರೆದಿದ್ದರೆ ಈ ತೊಂದರೆ ಇರುತ್ತಿರಲಿಲ್ಲವೇ?

ಉತ್ತರ 1:
ಇರುತ್ತಿತ್ತು, ಏಕೆಂದರೆ ಲ್ಯಾಂಬ್ಡಾ ಕೂಡ ಬರೆದ ಕಡೆಯಲ್ಲೆಲ್ಲ ಬೇರೆ ಆಬ್ಜೆಕ್ಟ್ ಆಗುತ್ತದೆ. ಇವೆರಡರ ನಡುವಿನ ವ್ಯತ್ಯಾಸ ಬೇರೆ ಕಡೆ ಇದೆ. ‘ಪರದೆ::ತೋರಿಸು’ ಎಂದು ಬರೆದರೆ ‘ಪರದೆ’ ಯಾವುದೆಂಬುದು ಆ ಕ್ಷಣವೇ ನಿರ್ಧಾರವಾಗಿ, ಅದು ‘ನಲ್’ ಆಗಿದ್ದರೆ ಆ ಸಾಲಿನಲ್ಲೇ ಎಕ್ಸೆಪ್ಶನ್ ಬರುತ್ತದೆ. ಲ್ಯಾಂಬ್ಡಾದಲ್ಲಾದರೆ ‘ಪರದೆ’ ಎಂಬ ಫೀಲ್ಡನ್ನು ಪ್ರತಿ ಸಲ ಕರೆದಾಗಲೂ ಹೊಸದಾಗಿ ಓದಲಾಗುತ್ತದೆ. ಆ ಫೀಲ್ಡ್ ನಡುವೆ ಬದಲಾಗುವಂತಿದ್ದರೆ ಯಾವುದು ಬೇಕೆಂದು ನೋಡಿಕೊಂಡು ಬರೆಯಿರಿ.