ಸಹಾಯ ಬೇಕು: ತೋಟದ ಶೆಡ್ಡಿನಲ್ಲಿ ಎಲ್ಲ ತುಕ್ಕು ಹಿಡೀತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಕಡೆ ಒಂದೂವರೆ ಎಕರೆ ಅಡಿಕೆ ತೋಟ. ತೋಟದ ಮೇಲ್ಬದಿಗೆ 10 ಅಡಿ ಅಗಲ, 12 ಅಡಿ ಉದ್ದದ ತಗಡಿನ ಶೆಡ್ ಇದೆ. ಅಪ್ಪಯ್ಯನ ಕಾಲದಲ್ಲಿ ಅಲ್ಲಿ ಗುದ್ದಲಿ, ಹಾರೆ, ಕತ್ತಿ ಬಿಟ್ಟರೆ ಬೇರೇನೂ ಇರಲಿಲ್ಲ. ಈಗ ಔಷಧಿ ಹೊಡೆಯುವ ಪಂಪು, ಪೈಪು, ಕಳೆ ಹೊಡೆಯುವ ಮಷಿನ್, ಯೂರಿಯಾ, ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಎಲ್ಲ ಅಲ್ಲೇ. ಮೂಲೆಯಲ್ಲಿ ಅಜ್ಜನ ಮುರುಕು ಕುರ್ಚಿಯೂ ಇದೆ, ಎಸೆಯೋಕೆ ಆಯಿ ಬಿಡೋದಿಲ್ಲ.

ಹೋದ ಮಳೆಗಾಲದಲ್ಲಿ ಮೈಲುತುತ್ತದ ಚೀಲ ಹರಿದು, ನೀಲಿ ನೀರು ಕೆಳಗಿದ್ದ ಕತ್ತಿಗಳ ಮೇಲೆ ಇಳಿದಿದೆ. ನೋಡಿದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿತ್ತು. ಕೆರೆದರೆ ಅಡಿಯಲ್ಲಿ ಬರೀ ಗುಳಿ. ಮೈಲುತುತ್ತ, ಸುಣ್ಣ ಕಲಸಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಅಂತ ಎಲ್ಲರಿಗೂ ಹೇಳುವವನೇ ನಾನು, ಚೀಲ ಮಾತ್ರ ಕತ್ತಿಯ ಮೇಲಿನ ಹಲಗೆಯಲ್ಲೇ ಇಟ್ಟಿದ್ದೆ! ಯೂರಿಯಾ ಕಥೆ ಕೇಳಬೇಡಿ, ಅರ್ಧ ಚೀಲ ನೀರಾಗಿ ಹೋಯಿತು.

100 ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಎರಡು ಸಲ ಔಷಧಿ ಹೊಡೆಯೋಕೆ ಆಗುವಷ್ಟು ಸಾಮಾನು ತಂದಿಡಲೇಬೇಕು. ಮುಚ್ಚಳ ಇರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಟ್ಟವರಿದ್ದೀರಾ? ಥಂಡಿ ಹಿಡಿಯೋದಿಲ್ಲವಾ? ಅಥವಾ ಮಧ್ಯೆ ಗೋಡೆ ಕಟ್ಟಿ ಗೊಬ್ಬರ, ಔಷಧಿಯನ್ನೇ ಬೇರೆ ಮಾಡೋದು ಒಳ್ಳೇದಾ? ಮಷಿನ್ನಿನ ಪೆಟ್ರೋಲ್ ಕ್ಯಾನ್ ಸಹ ಅಲ್ಲೇ ಇದೆ, ಅದೂ ಒಂದು ಹೆದರಿಕೆ.

ಖರ್ಚು ಹದಿನೈದು ಸಾವಿರದೊಳಗೆ ಮುಗಿಯಬೇಕು. ಮಳೆ ಹಿಡಿಯುವ ಮೊದಲು ಕೆಲಸ ಆಗಬೇಕು. ನಿಮ್ಮ ಶೆಡ್ಡಿನ ಒಳಗಿನ ಫೋಟೊ ಇದ್ದರೆ ದಯವಿಟ್ಟು ಹಾಕಿ, ಗಲೀಜಾಗಿದ್ದರೂ ಪರವಾಗಿಲ್ಲ.